ಭಿತ್ತಿಪತ್ರದ ಮೇಲಿನ ಅಕ್ಕ

ಅಕ್ಕ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಹಲ್ಲು ಸೊಟ್ಟ ಎಂಬ ನಾಚಿಕೆ. ಅಂಥದೊಂದು ನಗುವನ್ನು ಫೋಟೋಗ್ರಾಫರ್ ಆಗಿದ್ದ ಅವಳ ತಮ್ಮ ಸೆರೆಹಿಡಿದು, ಅವಳೊಬ್ಬಳೇ ಕಾಣುವಂತೆ ಕತ್ತರಿಸಿ, ತನ್ನ ಸ್ಟುಡಿಯೋದ ಜಾಲತಾಣಕ್ಕೆ ಹಾಕಿದ್ದ. ಆರೋಗ್ಯ ಕಚೇರಿಯವರು ಯಾರನ್ನೂ ಕೇಳದೆ ಅದನ್ನು ಎತ್ತಿಕೊಂಡು ಕ್ಷಯರೋಗದ ಭಿತ್ತಿಪತ್ರ ಮಾಡಿಬಿಟ್ಟರು. ‘ಕೆಮ್ಮು ನಿಲ್ಲುತ್ತಿಲ್ಲವೇ?’ ಎಂಬ ದಪ್ಪಕ್ಷರದ ಕೆಳಗೆ, ನಗುತ್ತಿದ್ದ ಅಕ್ಕ ಕೆಮ್ಮುವವಳಾದಳು.

ಅವಳು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟ ಬಡಿಸುವವಳು. ಭಿತ್ತಿಪತ್ರ ಕಾರ್ಖಾನೆಯ ಗೇಟಿಗೇ ಬಂದು ಅಂಟಿತು. ಮೊದಮೊದಲು ಜನ ತಮಾಷೆ ಮಾಡಿದರು. ಆಮೇಲೆ ಅವಳ ಸಾಲು ಬಿಟ್ಟು ಪಕ್ಕದ ಸಾಲಿನಲ್ಲಿ ನಿಂತರು. ಪರೀಕ್ಷೆ ಮಾಡಿಸಿ, ರೋಗವಿಲ್ಲವೆಂಬ ಚೀಟಿ ತಂದು ತೋರಿಸಿದಳು. ಅನುಮಾನ ಇಲ್ಲದಿದ್ದರೆ ಯಾಕೆ ಪರೀಕ್ಷೆ ಮಾಡಿಸುತ್ತಿದ್ದಳು ಎಂದು ಅದಕ್ಕೂ ಮಾತು ಹುಟ್ಟಿತು. ಮೇಲ್ವಿಚಾರಕ ಕೆಟ್ಟವನಲ್ಲ. ಆ ಭಿತ್ತಿಪತ್ರ ಗೇಟು ಬಿಟ್ಟು ಹೋಗುವವರೆಗೆ ಹಿಂದುಗಡೆ ಪಾತ್ರೆ ತೊಳೆಯಮ್ಮ, ಆಮೇಲೂ ಗೊಣಗಾಟ ನಿಲ್ಲದಿದ್ದರೆ ನನ್ನ ಕೈಲಿ ಏನೂ ಇಲ್ಲ ಎಂದ.

ಅವಳ ತಮ್ಮ ಆರೋಗ್ಯ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ. ಈ ಮೇಜಿನವರು ಆ ಮೇಜಿಗೆ ಕಳಿಸಿದರು, ಆ ಮೇಜಿನವರು ಊಟಕ್ಕೆ ಹೋಗಿದ್ದರು. ಕೊನೆಗೆ ದೂರು ವಿಭಾಗದ ಅಧಿಕಾರಿ ಸಿಕ್ಕ. ಸಿಡುಕದ ಮನುಷ್ಯ, ಕುರ್ಚಿ ತೋರಿಸಿದ.

“ಚಿತ್ರ ನಿಮ್ಮದೇ ಅಂತ ಹೇಗೆ ನಂಬೋದು? ಜನರ ಒಳ್ಳೇದಕ್ಕೆ ತಾನೆ ಬಳಸಿರೋದು.”

“ನಮ್ಮಕ್ಕನಿಗೆ ಕೆಮ್ಮೇ ಇಲ್ಲ ಸಾರ್. ಅವಳು ನಗ್ತಿದಾಳೆ.”

“ನಗ್ತಿರೋದಕ್ಕೆ ಏನು ಸಾಕ್ಷಿ?”

ಕತ್ತರಿಸಿದ ಚಿತ್ರ ಯಾರ ಬಳಿ ಬೇಕಾದರೂ ಇರಬಹುದು. ಕತ್ತರಿಸುವ ಮೊದಲಿನದು ತೆಗೆದವನ ಬಳಿ ಮಾತ್ರ ಇರುತ್ತದೆ. ಫೋಟೋ ತೆಗೆಯುವವರೆಲ್ಲ ನಂಬಿಕೊಂಡಿರುವುದು ಇದನ್ನೇ. ಆ ಪೂರ್ತಿ ಚಿತ್ರವನ್ನು ತಮ್ಮ ತಂದುಕೊಟ್ಟ. ಅದರಲ್ಲಿ ಅಕ್ಕನ ಪಕ್ಕ ಅವಳ ಮಗಳೂ ಇದ್ದಳು, ಅಮ್ಮನ ಹಾಗೇ ಬಾಯಿಗೆ ಕೈ ಹಿಡಿದು. ಇಬ್ಬರ ಕಣ್ಣಲ್ಲೂ ನಗು ತುಳುಕುತ್ತಿತ್ತು. ದೂರಿಗೆ ಇನ್ನಷ್ಟು ಬಲ ಬರಲಿ ಎಂದು, ತೆಗೆದವರ ಹೆಸರಿಲ್ಲದೆ ಅಚ್ಚು ಹಾಕಿದ್ದೂ ತಪ್ಪು ಎಂದು ಒಂದು ಸಾಲು ಸೇರಿಸಿದ. ಅಧಿಕಾರಿ ತಲೆದೂಗಿ, ಸರಿಪಡಿಸುತ್ತೇವೆ ಎಂದ.

ಸರಿಪಡಿಸಿದರು. ಹಳೆಯದರ ಮೇಲೆ ಹೊಸ ಭಿತ್ತಿಪತ್ರ ಬಂತು: ‘ಮನೆಯಲ್ಲಿ ಒಬ್ಬರಿಗೆ ಕೆಮ್ಮೇ? ಎಲ್ಲರೂ ಪರೀಕ್ಷಿಸಿಕೊಳ್ಳಿ.’ ಈಗ ತಾಯಿ, ಮಗಳು ಇಬ್ಬರೂ ಇದ್ದರು. ಕೆಳಗೆ ‘ಚಿತ್ರ ಕೃಪೆ’ ಎಂದು ಸ್ಟುಡಿಯೋದ ಹೆಸರು. ತಮ್ಮ ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದ. ಹೆಸರು ಹಾಕಿದ್ದಾಯಿತು, ಚಿತ್ರ ನೀವೇ ಕೈಯಾರೆ ಕೊಟ್ಟಿದ್ದು, ದೂರು ಅಲ್ಲಿಗೆ ಮುಗಿಯಿತು ಎಂದು ಅಧಿಕಾರಿ ಸಮಾಧಾನವಾಗಿಯೇ ಹೇಳಿದ.

ಸಂಜೆ ಅಕ್ಕ ಸ್ಟುಡಿಯೋಗೆ ಬಂದಳು. ಪಾತ್ರೆ ತೊಳೆಯುವ ಕೆಲಸವೂ ಹೋಗಿತ್ತು. ಮಗಳನ್ನು ಶಾಲೆಯಲ್ಲಿ ಬೇರೆ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಿದ್ದರು. ದೂರಿನ ಕಥೆಯನ್ನೆಲ್ಲ ತಮ್ಮ ತಡವರಿಸುತ್ತ ಹೇಳಿದ. ಅವಳು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ನಂಬಿದಂತೆ ಕಾಣಲಿಲ್ಲ.

“ಕೊಡ್ಲೇಬೇಕಿದ್ರೆ ನನ್ನದೊಂದೇ ಕೊಡಬಹುದಿತ್ತಲ್ಲೋ,” ಎಂದಳು. “ಮಗೂದು ಯಾಕೆ ಕೊಟ್ಟೆ?”