ಆಮೆನ್ ಅವಳ ಪಾಲಿನದು

ಬೆಳಗ್ಗೆ ಪ್ರಾರ್ಥನೆ ಮಾಡುವುದು ನಾನು, ಕೊನೆಗೆ ‘ಆಮೆನ್’ ಅನ್ನುವುದು ನನ್ನ ಹೆಂಡತಿ. ಮದುವೆಯಾದಾಗಿನಿಂದ ನಮ್ಮ ಮನೆಯ ಪದ್ಧತಿ ಇದೇ. ಅವಳು ತೀರಿಕೊಂಡ ಮೇಲೂ, ಸಲೂನು ತೆರೆಯುವ ಮುಂಚೆ ಮಂಚದ ಪಕ್ಕ ಮೊಣಕಾಲೂರುತ್ತೇನೆ. “ಕರ್ತನೇ, ಈ ಹಳೇ ಮನುಷ್ಯನಿಗೆ ಇವತ್ತನ್ನಾದರೂ ಹೊಸದಾಗಿ ಕೊಡಪ್ಪಾ” ಅಂತ ಮುಗಿಸಿ, ಅಭ್ಯಾಸಬಲದಿಂದ ಕಾಯುತ್ತೇನೆ. ಆಮೆನ್ ನಾನೇ ಹೇಳಿಬಿಟ್ಟರೆ ಅವಳಿಲ್ಲ ಅಂತ ಒಪ್ಪಿಕೊಂಡ ಹಾಗೆ. ಕಾದು ಕಾದು ಕಾಲು ಜೋಮು ಹಿಡಿದಾಗ ಸುಮ್ಮನೆ ಎದ್ದು ಹೋಗುತ್ತೇನೆ.

ಪಕ್ಕದ ಮನೆಯಾಕೆ ಒಂಟಿ ಹೆಂಗಸು, ಮಹಾ ಸಿಡುಕಿ. ಮೊದಲೆಲ್ಲ ನನ್ನ ಪ್ರಾರ್ಥನೆ ಜೋರಾದರೆ ಗೋಡೆ ಗುದ್ದುತ್ತಿದ್ದಳು. ನಾನೇನು ಕಮ್ಮಿಯೇ? ಬೇಕಂತಲೇ ಇನ್ನೂ ಗಂಟಲೆತ್ತುತ್ತಿದ್ದೆ. ನನ್ನವಳು ಹೋದ ಮೇಲೆ ಆ ಗುದ್ದೂ ನಿಂತುಹೋಗಿತ್ತು.

ಇವತ್ತು ಪ್ರಾರ್ಥನೆ ಮುಗಿಸಿ ಎಂದಿನಂತೆ ಕಾಯುತ್ತಿದ್ದೆ. ಗೋಡೆಯಾಚೆಯಿಂದ ಆಕೆಯ ಗದರಿಕೆ ಕೇಳಿಸಿತು: “ದಿನಾ ಎಷ್ಟೊತ್ತು ಕಾಯಿಸ್ತೀರಿ ಅಣ್ಣಾ? ನನ್ನ ಮೊಣಕಾಲೂ ನೋಯುತ್ತೆ. ಆಮೆನ್!”

ಗೋಡೆಗೆ ಮೆಲ್ಲಗೆ ಒಂದು ಗುದ್ದು ಕೊಟ್ಟೆ.