ಮುನ್ನೂರನೆಯ ಮಾಸ್ಕು

ನರ್ಸಮ್ಮನ ಬಿಳಿ ಕೋಟಿನ ಎಡಹೆಗಲು ಒಂದು ನೂಲು ಇಳಿದಿದೆ, ತೋಳು ಕೂಡಿಸುವಾಗ ಯಾರೋ ಅವಸರ ಮಾಡಿದ್ದಾರೆ, ಬಿಚ್ಚಿ ಮತ್ತೆ ಹೊಲಿದರೆ ಸರಿಹೋಗುತ್ತದೆ, ಕೊಡಮ್ಮ ಒಂದು ಗಳಿಗೆ ಅನ್ನಬೇಕು ಅನ್ನಿಸಿತು ಅವನಿಗೆ, ಆದರೆ ಇನ್ನೊಬ್ಬರ ತಪ್ಪು ಹಿಡಿಯುವುದಕ್ಕೆ ತಾನು ಯಾವ ದೊಡ್ಡ ಮನುಷ್ಯ — ಐವತ್ತು ವರ್ಷ ಕತ್ತರಿ ಹಿಡಿದ ಕೈ ಮಂಡಿಯ ಮೇಲೆ ಸುಮ್ಮನೆ ಬಿದ್ದಿದೆ, ಲಸಿಕೆಗೆಂದು ತೆರೆದ ಶಾಲೆಯ ಕೋಣೆ, ಮಕ್ಕಳು ಕೂರುವ ಕುಳ್ಳ ಬೆಂಚು, ಮುದುಕರೆಲ್ಲ ಮಂಡಿ ಎದೆಗೆ ತಾಗಿಸಿಕೊಂಡು ಸಾಲಾಗಿ ಕೂತಿದ್ದಾರೆ, ಪಕ್ಕದಲ್ಲಿ ಅಣ್ಣ, ಅಂಗಿಯ ತೋಳು ಆಗಲೇ ಮೇಲಕ್ಕೇರಿಸಿಕೊಂಡು, ಅಣ್ಣನಿಗೆ ಎಲ್ಲದಕ್ಕೂ ಅವಸರ, ಮಾತಿಗೂ ಅವಸರ, ಅಲ್ಲಮ್ಮ ರೋಗ ಹೋಯ್ತು ಹೋಯ್ತು ಅಂತೀರಿ, ಮತ್ತೆ ಮತ್ತೆ ಕರೆದು ಚುಚ್ತೀರಿ, ನನ್ನ ತಮ್ಮನ ಸೂಜಿಮೆತ್ತೆ ಅಂದ್ಕೊಂಡ್ರಾ ನಮ್ಮನ್ನ, ಎಂದು ಅಣ್ಣ ಕೇಳಿದ್ದಕ್ಕೆ ಇಡೀ ಬೆಂಚು ನಕ್ಕಿತು, ನರ್ಸಮ್ಮನೂ ನಕ್ಕಳು, ಹಾಗಲ್ಲ ಯಜಮಾನರೇ, ಅದು ಮೊದಲು ಬಂದ ರೋಗಾಣು ಅಲ್ಲವೇ ಅಲ್ಲ ಈಗ, ನಮ್ಮ ಮೈಯೊಳಗೆ ಹೊಕ್ಕು ತನ್ನ ಹಾಗೇ ಇನ್ನೊಂದು ಮಾಡುತ್ತೆ, ಅದನ್ನ ನೋಡಿ ಮತ್ತೊಂದು, ಅದನ್ನ ನೋಡಿ ಮಗದೊಂದು, ಹಾಗೆ ಮಾಡ್ತಾ ಮಾಡ್ತಾ ಎಲ್ಲೋ ಒಂದು ಚೂರು ತಪ್ಪುತ್ತೆ, ಬಹಳಷ್ಟು ತಪ್ಪು ಏನೂ ಮಾಡಲ್ಲ, ಯಾವುದೋ ಒಂದು ಮಾತ್ರ ಅದಕ್ಕೆ ಅನುಕೂಲ ಆಗಿಬಿಡುತ್ತೆ, ಅದು ಕೆಮ್ಮಿನಲ್ಲಿ ಹೊರಗೆ ಬಂದು, ವಿಮಾನ ಹತ್ತಿ, ಇನ್ನೊಂದು ದೇಶದಲ್ಲಿ ಇಳಿಯುತ್ತೆ, ಅಲ್ಲಿ ಮತ್ತೆ ಶುರು, ಅದಕ್ಕೇ ಮತ್ತೆ ಸೂಜಿ. ಅಣ್ಣ ತಲೆಯಾಡಿಸಿದ, ಬೆಂಚು ತಲೆಯಾಡಿಸಿತು, ಅವನು ಮಾತ್ರ ತಲೆಯಾಡಿಸಲಿಲ್ಲ, ಒಂದನ್ನು ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು, ಈ ಹುಡುಗಿಗೆ ಯಾರು ಹೇಳಿದರು, ಅಲ್ಲ ಅಲ್ಲ ಅವಳು ರೋಗದ ಮಾತು ಆಡುತ್ತಿದ್ದಾಳೆ, ನಿನ್ನ ಮಾತಲ್ಲ, ಬೆವರು ಒರೆಸಿಕೋ.

ಕತ್ತರಿಸಿದ ತುಂಡನ್ನಿಟ್ಟು ಕತ್ತರಿಸಬೇಡ ಕಣೋ, ಎಂದು ಕೆಲಸ ಕಲಿಸಿದವರು ಮೊದಲ ದಿನವೇ ತಲೆಗೆ ಮೊಟಕಿ ಹೇಳಿದ್ದರು, ಪ್ರತಿ ಸಲ ರಟ್ಟಿನ ಅಳತೆಯನ್ನೇ ಇಡು, ಬಟ್ಟೆ ಜಗ್ಗುತ್ತೆ, ಕತ್ತರಿ ಅಂಚು ತಿನ್ನುತ್ತೆ, ನಿನಗೆ ಗೊತ್ತೇ ಆಗಲ್ಲ. ಗೊತ್ತಿತ್ತು ಅವನಿಗೆ. ಆರು ವರ್ಷದ ಹಿಂದೆ, ರೋಗ ಮೊದಲು ಬಂದ ಆ ವರ್ಷ, ರೇಡಿಯೊದಲ್ಲಿ ದಿನಾ ಅದೇ ಸುದ್ದಿ, ಹೆಸರೇ ಕೇಳದ ಯಾವುದೋ ದೂರದ ಊರಿನಲ್ಲಿ ಜ್ವರ, ಆಮೇಲೆ ಹಡಗಿನಲ್ಲಿ ಜ್ವರ, ಆಮೇಲೆ ಸಮುದ್ರದಾಚೆಯ ದೇಶಗಳಲ್ಲೆಲ್ಲ ಜ್ವರ, ಅತ್ತಿಗೆ ನೆಲ ಒರೆಸುತ್ತ ಹೇಳುತ್ತಿದ್ದಳು, ನೋಡಿದ್ರಾ ಸಾಹೇಬ್ರೆ, ನಾವು ಬಸ್ಸು ಹತ್ತಿ ಮೂರು ವರ್ಷ ಆಯ್ತು, ಈ ಜ್ವರ ಪ್ರಪಂಚ ಎಲ್ಲ ಸುತ್ತಿ ಬಂತು — ಅವನನ್ನು ಸಾಹೇಬ್ರೆ ಅಂತಲೇ ಕರೆಯುತ್ತಿದ್ದಳು, ಮೈದುನ ಕುತ್ತಿಗೆಗೆ ಟೇಪು ಹಾಕಿಕೊಂಡರೆ ಡಾಕ್ಟರ ಹಾಗೆ ಕಾಣುತ್ತಾನೆ ಅಂತ ಗೇಲಿ, ಮನೆಯಲ್ಲಿ ನೆಲ ಒರೆಸಿ ಆಸ್ಪತ್ರೆಯಲ್ಲೂ ನೆಲ ಒರೆಸುವವಳು ಅವಳು, ಅದೇ ಆಸ್ಪತ್ರೆಯಿಂದ ಬಟ್ಟೆಯ ಥಾನು ಬಂತು, ಮಾಸ್ಕಿಗೆ ಅಂತ ಒಂದು ರಟ್ಟಿನ ಅಳತೆಯೂ ಬಂತು, ಮೂರು ದಿನದಲ್ಲಿ ಮುನ್ನೂರು ಬೇಕು. ರಟ್ಟಿಗೆ ಮೊದಲ ದಿನವೇ ಇಸ್ತ್ರಿಗೆ ಮುನ್ನ ಬಟ್ಟೆಗೆ ಚಿಮುಕಿಸುವ ನೀರು ಚೆಲ್ಲಿತು, ಮೆತ್ತಗಾಗಿ ಮುದುರಿತು, ಇನ್ನೊಂದು ರಟ್ಟು ಹುಡುಕಿ ಗೆರೆ ಎಳೆಯಲು ಎಷ್ಟು ಹೊತ್ತು ಬೇಕಿತ್ತು, ಹಳೆಯ ಚಪ್ಪಲಿ ಡಬ್ಬಿ ಮಂಚದ ಕೆಳಗೇ ಇತ್ತು, ಆದರೆ ಕಣ್ಣಳತೆಯ ಜಂಬ, ತನಗೆ ರಟ್ಟು ಯಾಕೆ ಅನ್ನುವ ಜಂಬ, ಎಂಟು ಪದರ ಮಡಚಿ, ಹಿಂದಿನ ಸಲ ಕತ್ತರಿಸಿದ ತುಂಡನ್ನೇ ಮೇಲಿಟ್ಟು ಕತ್ತರಿಸಿದ, ಅದರಲ್ಲಿ ಒಂದನ್ನೆತ್ತಿ ಮತ್ತೆ ಮೇಲಿಟ್ಟ, ಮತ್ತೆ, ಮತ್ತೆ, ಒಂದೊಂದು ಸಲಕ್ಕೂ ಒಂದು ನೂಲು ಕಡಿಮೆ, ಒಂದು ನೂಲು ಎಂದರೆ ಯಾವ ಲೆಕ್ಕ, ಮೂರನೆಯ ದಿನ ಮೊದಲನೆಯದರ ಮೇಲೆ ಮುನ್ನೂರನೆಯದನ್ನು ಇಟ್ಟು ನೋಡಿದರೆ — ಒಂದು ಬೆರಳು. ಪೂರಾ ಒಂದು ಬೆರಳಗಲ ಕಡಿಮೆ. ಆಸ್ಪತ್ರೆಯ ಜವಾನ ಬಾಗಿಲಲ್ಲಿ ನಿಂತಿದ್ದ, ಆಯ್ತಾ ಟೈಲರಣ್ಣ, ಅಲ್ಲಿ ಬಾಯಿಗೆ ಕರ್ಚೀಫು ಕಟ್ಕೊಂಡು ನಿಂತವ್ರೆ ಎಲ್ಲ, ಎಂದು ಅವಸರಪಡಿಸಿದ, ಆಗಲಾದರೂ ಬಾಯಿ ಬಿಡಬಹುದಿತ್ತು, ಸ್ವಲ್ಪ ತಾಳಪ್ಪ, ಕೊನೆಯವು ಚಿಕ್ಕವಾಗಿವೆ, ಮಕ್ಕಳಿಗೆ ಕೊಡಿ ಅನ್ನಬಹುದಿತ್ತು, ಅವನು ಏನು ಮಾಡಿದ, ಒಳಗೆ ಹೋಗಿ, ಸರಿಯಾದವನ್ನು ಮೇಲೆ ಜೋಡಿಸಿದ, ಚಿಕ್ಕವನ್ನು ಕೆಳಗೆ ಹಾಕಿದ, ದಾರ ಬಿಗಿದ, ಹೊತ್ತುಕೊಂಡು ಬಂದು ಕೊಟ್ಟ. ಜವಾನ ಮೇಲಿನದೊಂದನ್ನು ಎತ್ತಿ ಕಟ್ಟಿ ನೋಡಿ, ಕೈ ಅಂದ್ರೆ ಕೈ, ಅಂದ. ಆ ಹೊಗಳಿಕೆಗೆ ಅವನು ನಕ್ಕ ಕೂಡ.

ಮೇಲಿನವು ಡಾಕ್ಟರಿಗೆ ಹೋಗುತ್ತವೆ, ನಡುವಿನವು ನರ್ಸುಗಳಿಗೆ, ತಳದವು ನೆಲ ಒರೆಸುವವರಿಗೆ, ಇದು ಹೊಳೆಯಲಿಲ್ಲವೇ, ಹೊಳೆಯಲಿಲ್ಲ, ದೇವರಾಣೆ ಹೊಳೆಯಲಿಲ್ಲ — ಆಣೆ ಯಾರಿಗೆ ಇಡುತ್ತೀಯೋ, ಕೇಳುವವರು ಯಾರಿದ್ದಾರೆ. ನಾಲ್ಕನೆಯ ದಿನ ಊಟದ ಡಬ್ಬಿ ಕೊಡಲು ಆಸ್ಪತ್ರೆಯ ಗೇಟಿಗೆ ಹೋದಾಗ ಅತ್ತಿಗೆ ಬಂದಳು, ಅವನ ಮಾಸ್ಕೇ ಮುಖದ ಮೇಲೆ, ಮೂಗಿಗೆ ಎಳೆದರೆ ಗಲ್ಲ ಕಾಣುತ್ತದೆ, ಗಲ್ಲಕ್ಕೆ ಎಳೆದರೆ ಮೂಗು, ಕೆನ್ನೆಯ ಪಕ್ಕದಲ್ಲಿ ಬೆರಳಗಲ ಬರೀ ಚರ್ಮ, ಕಂಬಿಯ ಆಚೆಯಿಂದಲೇ ನಕ್ಕಳು, ಏನ್ ಸಾಹೇಬ್ರೆ, ನನ್ನ ಮುಖ ದಪ್ಪ ಆಯ್ತೋ, ನಿಮ್ಮ ಬಟ್ಟೆ ಸಾಲದೆ ಬಂತೋ, ಅವನು, ಮುಖವೇ ದಪ್ಪ ಆಗಿದೆ ಅತ್ತಿಗೆ, ಆಸ್ಪತ್ರೆ ಊಟ ಒಗ್ಗಿದೆ ನಿಮಗೆ, ಎಂದ. ಎಂದುಬಿಟ್ಟ. ಅವಳು ಮಾಸ್ಕಿನೊಳಗೆ ನಕ್ಕಿದ್ದು ಆ ಸಂದಿಯಲ್ಲಿ ಕಂಡಿತು. ಮತ್ತೆ ಹತ್ತು ದಿನಕ್ಕೆ ಅವಳು ಒರೆಸುತ್ತಿದ್ದ ವಾರ್ಡಿನಲ್ಲೇ ಅವಳಿಗೆ ಹಾಸಿಗೆ, ಮತ್ತೆ ಆರು ದಿನಕ್ಕೆ ಅದೂ ಬೇಕಾಗಲಿಲ್ಲ. ಆ ಸಂದಿಯಿಂದಲೇ ಹೊಕ್ಕಿತು ಅಂತ ಯಾರು ಹೇಳಬಲ್ಲರು, ಬಕೀಟಿನಿಂದ ಬಂದಿರಬಹುದು, ಬಾಗಿಲ ಹಿಡಿಯಿಂದ, ಯಾರದೋ ಕೈಯಿಂದ, ಆರು ವರ್ಷದಿಂದ ಹೀಗೇ ತನಗೆ ತಾನೇ ವಕೀಲ, ಪ್ರತಿ ಸಲವೂ ಅದೇ ವಾದ, ಪ್ರತಿ ಸಲವೂ ಸೋಲು.

ಅಣ್ಣನ ಸರದಿ ಬಂತು, ನರ್ಸಮ್ಮ ಹತ್ತಿ ಒತ್ತಿದಳು, ಅಣ್ಣನಿಗೆ ಸೂಜಿಯ ಭಯ, ಭಯವಾದಾಗ ಮಾತು ಜಾಸ್ತಿ, ಇವನು ನನ್ನ ತಮ್ಮ ಕಣಮ್ಮ, ನಿಮ್ಮ ಆಸ್ಪತ್ರೆಗೆ ಮುನ್ನೂರು ಮಾಸ್ಕು ಹೊಲಿದು ಕೊಟ್ಟವನು, ಅಷ್ಟು ಜನರನ್ನ ಉಳಿಸಿದ, ನನ್ನ ಹೆಂಡ್ತಿಗೆ ಮಾತ್ರ ಜೋಪಾನ ಅನ್ನೋದೇ ಇರಲಿಲ್ಲ, ಮನೆಯವನೇ ಹೊಲಿದ ಮಾಸ್ಕು, ಅದನ್ನ ನೆಟ್ಟಗೆ ಕಟ್ಕೊಳ್ಳೋಕೆ ಏನು ಧಾಡಿ, ಬರೀ ನಗೋದೊಂದು ಗೊತ್ತಿತ್ತು, ನಕ್ಕೊಂಡೇ ಹೋದಳು. ಹೀಗೇ ಹೇಳುತ್ತಾನೆ ಅಣ್ಣ, ಎಲ್ಲರ ಮುಂದೆ ಹೇಳುತ್ತಾನೆ, ಮಗಳ ಮುಂದೆ ಹೇಳುತ್ತಾನೆ, ಮಗಳು ಈಗ ತನ್ನ ಮಗುವಿಗೆ, ನಿಮ್ಮಜ್ಜಿ ಜೋಪಾನ ಇರಲಿಲ್ಲ ಪುಟ್ಟ, ಅನ್ನುತ್ತಾಳೆ, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ, ಅವಳ ತಪ್ಪು ದೊಡ್ಡದಾಗುತ್ತ, ತಾನು ದೊಡ್ಡವನಾಗುತ್ತ, ನಾಳೆ ತಾನು ಸತ್ತರೆ ಈ ಮನೆಯಲ್ಲಿ ಉಳಿಯುವುದು ಇದೇ, ಅವಳು ಅಜಾಗ್ರತೆಯವಳು, ಅವನು ಪುಣ್ಯಾತ್ಮ — ಅಣ್ಣ, ಎಂದ, ಅಣ್ಣನಿಗೆ ಕೇಳಿಸಲಿಲ್ಲ, ಅಣ್ಣ, ಎಂದು ಇನ್ನೊಮ್ಮೆ ಕರೆದ, ಅತ್ತಿಗೆ ನೆಟ್ಟಗೇ ಕಟ್ಟಿದ್ರು. ಅಣ್ಣ ಸೂಜಿ ಮರೆತು ತಿರುಗಿದ, ಏನಂದೆ, ಅಂದ್ರೆ ಏನೋ, ನರ್ಸಮ್ಮನ ಕೈ ಅರ್ಧದಲ್ಲಿ ನಿಂತಿದೆ, ಬೆಂಚಿನ ಮುದುಕರೆಲ್ಲ ಇತ್ತಲೇ ನೋಡುತ್ತಿದ್ದಾರೆ, ಹೇಳು, ಈಗ ಹೇಳು, ರಟ್ಟು ಎನ್ನು, ನೂಲು ಎನ್ನು, ಕಟ್ಟಿನ ತಳ ಎನ್ನು, ಮಾತು ಬರುತ್ತದೆ, ಬಾಯಿ ತೆರೆದೇ ಇದೆ, ಆದರೆ ಕಣ್ಣ ಮುಂದೆ ಕಂಬಿ, ಕಂಬಿಯಾಚೆ ಕೆನ್ನೆ, ಬಟ್ಟೆಯ ಅಂಚು ಮುಗಿದು, ಬೆರಳಗಲ ಚರ್ಮ, ಅದರ ಮೇಲೆ ಒಂದು ಬೆವರ ಹನಿ, ಬಾಯಿಗೆ ಬರುವುದು ಅದೊಂದೇ, ಬೆರಳಗಲ, ಬೆರಳಗಲ…