ಅಕ್ಕನಿಗೆ ಹೋದ ನಾಲ್ಕು ಕರಡು

ನೆನಪಿನ ಕಲ್ಲು ಕೆತ್ತುವ ಆ ಕಾರ್ಖಾನೆಗೆ ಒಂದು ಕಟ್ಟಳೆಯಿತ್ತು. ಸತ್ತವರ ಮನೆಯವರಿಗೆ ಬರೆದ ಯಾವ ಇಮೇಲೂ ಬರೆದ ದಿನವೇ ಹೊರಡಕೂಡದು. ಸಂಜೆ ಗರಗಸ ನಿಂತು, ಕಲ್ಲಿನ ಧೂಳು ಒಂದಿಷ್ಟು ಕೆಳಗೆ ಕೂತ ಮೇಲೆ ಅದನ್ನು ಮೇಸ್ತ್ರಿಯ ಮುಂದೆ ಗಟ್ಟಿಯಾಗಿ ಓದಬೇಕು. ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿ ಹೂಂ ಅಂದರೆ, ಅದು ಆ ರಾತ್ರಿಯೆಲ್ಲ ಕರಡಾಗಿಯೇ ಮಲಗಿದ್ದು ಬೆಳಿಗ್ಗೆ ಹೊರಡುತ್ತಿತ್ತು.

“ಕಲ್ಲಿಗೆ ರಬ್ಬರ್ ಇಲ್ಲ ಕಣ್ರೀ. ಒಂದು ಅಕ್ಷರ ತಪ್ಪಿದ್ರೆ ಆ ಕಲ್ಲನ್ನ ನಮ್ಮನೆ ಬಚ್ಚಲಿಗೆ ಹಾಸ್ಕೋಬೇಕು” ಎನ್ನುತ್ತಿದ್ದರು ಮೇಸ್ತ್ರಿ. ಹಾಗೆ ಹಾಸಿಕೊಂಡಿದ್ದೂ ಉಂಟಂತೆ.

ಇನ್ನೊಂದು ಪಾಠವನ್ನೂ ಅವರೇ ಕಲಿಸಿದ್ದರು. ಬರೆಯುವ ಮೊದಲು ವಿಳಾಸ ಹಾಕಬೇಕು, ಮಾತು ಆಮೇಲೆ. ಯಾರ ಜೊತೆ ಮಾತಾಡುತ್ತಿದ್ದೇವೆ ಎನ್ನುವುದು ಕೈಗೆ ಗೊತ್ತಿದ್ದರೆ ಕೈ ಒರಟಾಗುವುದಿಲ್ಲ. ಅಲ್ಲಿ ಪತ್ರ ಬರೆಯುವ ಕೆಲಸ ಗುಬ್ಬಿಯದು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಮೇಡಂ. ಗುಬ್ಬಿ ಅನ್ನುತ್ತಿದ್ದವಳು ಅಕ್ಕ ಒಬ್ಬಳೇ. ಚಿಕ್ಕಂದಿನಲ್ಲಿ ಅಪ್ಪ ಬೆಳಗಿನ ಪ್ರಾರ್ಥನೆಯ ಪದ್ಯ ಹೇಳುವಾಗ ಅಕ್ಕ ಎದ್ದು ಓಡಿಹೋಗುತ್ತಿದ್ದಳು, ಗುಬ್ಬಿ ಮಂಡಿಗೆ ಗಲ್ಲವೂರಿ ಕೂತು ಕೇಳುತ್ತಿದ್ದಳು. ಹಾಗೆ ಕೇಳಿ ಕೇಳಿ ಅವಳ ಕಿವಿ ಹದವಾಗಿತ್ತು. ಸಾಲಿನಲ್ಲಿ ಒಂದು ಮಾತು ಹೆಚ್ಚಾದರೂ ಅನ್ನದಲ್ಲಿ ಕಲ್ಲು ಸಿಕ್ಕಂತೆ ಅವಳಿಗೆ ಗೊತ್ತಾಗುತ್ತಿತ್ತು. ಅಕ್ಕ ಹಾಗೆ ಓಡಿದವಳು ಓಡುತ್ತಲೇ ಬೆಳೆದು ಕೊನೆಗೆ ನಗರದ ಬಸ್ಸಿನ ಡ್ರೈವರಾದಳು. ನಿವೃತ್ತಿಯ ತನಕ ಅವಳ ಗಂಟಲಿಗೆ ಹೆದರದ ರಿಕ್ಷಾದವನಿರಲಿಲ್ಲ.

ಆ ಅಕ್ಕನಿಗೆ ಕಾಯಿಲೆ. ಡಾಕ್ಟರು ಹೋದ ತಿಂಗಳು ಗುಬ್ಬಿಯನ್ನೂ ಅಕ್ಕನ ಮಗಳನ್ನೂ ಪಕ್ಕಕ್ಕೆ ಕರೆದು ಹೇಳಿದ್ದರು: ಇದು ವಾಸಿಯಾಗುವಂಥದ್ದಲ್ಲ, ಔಷಧಿ ಸ್ವಲ್ಪ ತಡೆಹಿಡಿಯಬಹುದು, ಅಷ್ಟೇ. ಹೊರಗೆ ಬಂದವಳೇ ಮಗಳು ಗುಬ್ಬಿಯ ಎರಡೂ ಕೈ ಹಿಡಿದುಕೊಂಡಳು.

“ಅಮ್ಮನಿಗೆ ಹೇಳ್ಬೇಡ ಚಿಕ್ಕಮ್ಮಾ. ಗೊತ್ತಾದ್ರೆ ನಾಳೆಯಿಂದಲೇ ಸೂಜಿ ಬೇಡ ಅಂತ ಕೂತುಬಿಡ್ತಾಳೆ. ನಿನ್ನ ದಮ್ಮಯ್ಯ.”

ಗುಬ್ಬಿ ಹೇಳಲಿಲ್ಲ. ಅಕ್ಕ ಆಸ್ಪತ್ರೆಯ ಮೆಟ್ಟಿಲಿಳಿಯುತ್ತ, “ಇನ್ನೆರಡು ಸೂಜಿ ಕಣೇ, ಆಮೇಲೆ ಗಾಡಿ ಗ್ಯಾರೇಜಿಂದ ಈಚೆಗೆ” ಎಂದಾಗಲೆಲ್ಲ ಹೂಂ ಎನ್ನುತ್ತಿದ್ದಳು. ದೇವರ ಮುಂದೆ ಕೂತರೆ ಪ್ರಾರ್ಥನೆ ಅರ್ಧಕ್ಕೇ ಕಡಿಯುತ್ತಿತ್ತು. ಮಾತಿನಲ್ಲಿ ಬಾರದ್ದು ಅವಳಿಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಬಂತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಅಕ್ಕನ ಕಲ್ಲಿಗೆ ಬರಹ ಬರೆಯತೊಡಗಿದಳು. ಮೊದಲು ವಿಳಾಸ ಹಾಕಬೇಕಲ್ಲ. ಕಲ್ಲಿನ ಬರಹ ಹೋಗುವುದು ಮನೆಯಲ್ಲಿ ತೀರ್ಮಾನ ಹೇಳುವ ಹಿರಿಯರಿಗೆ. ಗುಬ್ಬಿಯ ಮನೆಯಲ್ಲಿ ಅಪ್ಪ ಹೋದ ದಿನದಿಂದ ಎಲ್ಲ ತೀರ್ಮಾನವೂ ಅಕ್ಕನದೇ. ಕೈ ತಾನಾಗಿ ಅಕ್ಕನ ವಿಳಾಸ ಒತ್ತಿತು.

ಕಳಿಸುವ ಯೋಚನೆ ಎಳ್ಳಷ್ಟೂ ಇರಲಿಲ್ಲ. ಒಂದು ಬರೆದಳು, ಸರಿಹೋಗಲಿಲ್ಲ. ಇನ್ನೊಂದು ಬರೆದಳು. ಹೀಗೆ ನಾಲ್ಕಾದವು. ಮೇಸ್ತ್ರಿಗೆ ಓದಿ ಹೇಳದೆ ಅವು ಉಳಿದವುಗಳ ನಡುವೆ ಕರಡಾಗಿಯೇ ಮಲಗಿದ್ದವು.

ಅಂದು ಬೆಳಿಗ್ಗೆ ಗುಬ್ಬಿ ರಜೆ ಹಾಕಿ ಅಕ್ಕನ ಜೊತೆ ಆಸ್ಪತ್ರೆಗೆ ಬಂದಿದ್ದಳು. ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಅಕ್ಕನ ಶಾಲು, ಫೋನು ಗುಬ್ಬಿಯ ಚೀಲದಲ್ಲಿದ್ದವು. ಉದ್ದನೆಯ ಬೆಂಚಿನ ತುದಿಯಲ್ಲಿ ಅವಳು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಾಗ ಕಾರ್ಖಾನೆಯಿಂದ ಕರೆ ಬಂತು. ಕಲ್ಲಿಗೆ ಪಾಲಿಶ್ ಹಾಕುವವನು.

“ಮೇಡಂ, ನೀವಿಲ್ಲ ಅಂತ ಕೆಲಸ ನಿಲ್ಸಿಲ್ಲ ನಾವು. ನಿನ್ನೆ ಓದಿದ್ದೆಲ್ಲ ಕಳಿಸಿಬಿಡಪ್ಪ ಅಂದ್ರು ಮೇಸ್ತ್ರಿ. ಡ್ರಾಫ್ಟಲ್ಲಿ ಇದ್ದಿದ್ದನ್ನೆಲ್ಲ ಕಳಿಸ್ದೆ. ಒಂದನ್ನೂ ಬಿಟ್ಟಿಲ್ಲ ನೋಡಿ!”

“ಎಲ್ಲ ಅಂದ್ರೆ?”

“ಎಲ್ಲಾ. ಎಲ್ಲದಕ್ಕೂ ವಿಳಾಸ ಇತ್ತಲ್ಲ. ನಿಮ್ಮ ಅಕ್ಕಾವ್ರಿಗೂ ನಾಲ್ಕು ಹೋಯ್ತು.” ಅಷ್ಟಕ್ಕೆ ಅವನ ದನಿ ತಗ್ಗಿತು. “ಮೇಡಂ… ಏನಾದ್ರೂ ಹೆಚ್ಚು ಕಮ್ಮಿ ಆಯ್ತಾ?”

“ಏನಿಲ್ಲಪ್ಪ” ಎಂದಳು ಗುಬ್ಬಿ.

ಅಕ್ಕನ ಫೋನು ತೆಗೆದಳು. ಅದಕ್ಕೆ ಬೀಗದ ಗುಟ್ಟೇನೂ ಇರಲಿಲ್ಲ. “ನನ್ನ ಹತ್ರ ಕದಿಯೋಕೆ ಏನಿದೆ?” ಎನ್ನುವವಳು ಅಕ್ಕ. ನಾಲ್ಕೂ ಬಂದು ಕೂತಿದ್ದವು, ದಪ್ಪ ಅಕ್ಷರದಲ್ಲಿ, ಯಾರೂ ತೆರೆಯದೆ. ಅಳಿಸಿಬಿಟ್ಟರೆ ಮುಗಿಯಿತು. ಬೆರಳು ಅದರ ಮೇಲೆ ಹೋಗಿ ನಿಂತಿತು.

ನಿಂತದ್ದು ನಿಂತೇ ಇತ್ತು. ಡಾಕ್ಟರು ಹೇಳಿದ್ದು ಅಕ್ಕನ ಮೈಯ ಮಾತು, ಅದು ಅಕ್ಕನಿಗೆ ಸೇರಬೇಕಾದ್ದು. ಅದನ್ನು ಒಂದು ಸಲ ಬಚ್ಚಿಟ್ಟಾಯಿತು. ಈಗ ಅವಳ ಹೆಸರಿಗೆ ಬಂದದ್ದನ್ನು ಅವಳ ಫೋನಿನಿಂದಲೇ ಕದಿಯಬೇಕು. “ದೇವರೇ, ಇದೊಂದನ್ನ ನನ್ನ ಕೈಲಿ ಮಾಡಿಸ್ಬೇಡ” ಎಂದು ಗುಬ್ಬಿ ಫೋನನ್ನು ಶಾಲಿನ ಒಳಗೆ ಸುತ್ತಿಟ್ಟಳು. ಒಳ್ಳೆಯದು ಮಾಡಿದೆ ಎಂದು ಅನಿಸಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಅಕ್ಕ ಎಂದಿನಂತೆ ಡ್ರೈವರ್ ಹಿಂದಿನ ಸೀಟೇ ಹಿಡಿದಳು. ಮುಖ ಬೂದಿಯಾಗಿತ್ತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

“ನೋಡು ನೋಡು, ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನೆ, ಅವರಪ್ಪನ ಮನೆ ಗಂಟು ನೋಡು! ಏನಪ್ಪಾ, ಮದುವೆ ಆಗಿದೆಯಾ ನಿಂಗೆ?”

“ಆಗಿದೆ ಅಜ್ಜಿ” ಎಂದ ಡ್ರೈವರ್.

“ಅಜ್ಜಿ ಅಂತೆ! ಬ್ರೇಕ್ ಹಾಕೋದು ನೋಡಿದ್ರೆ ಹೆಂಡ್ತಿ ಜೊತೆ ಜಗಳ ಆಡ್ಕೊಂಡು ಬಂದ ಹಾಗಿದೆ ಅಂತ ಕೇಳ್ದೆ.” ಅಕ್ಕಪಕ್ಕದವರು ನಕ್ಕರು. ಅಕ್ಕ ಗುಬ್ಬಿಯ ಕಡೆ ಕೈ ಚಾಚಿದಳು. “ಫೋನ್ ಕೊಡೇ. ಮಗಳು ಏನಾದ್ರೂ ಬರೆದಿರ್ತಾಳೆ.”

ಕನ್ನಡಕ ಮನೆಯಲ್ಲೇ ಉಳಿದಿರಲಿ ಎಂದು ಗುಬ್ಬಿ ಮನಸ್ಸಿನಲ್ಲೇ ಹರಕೆ ಹೊತ್ತಳು. ಕನ್ನಡಕ ಅಕ್ಕನ ಮೂಗಿನ ಮೇಲೇ ಇತ್ತು. ಶಾಲಿನಿಂದ ಬಿಡಿಸಿ ಫೋನು ಕೊಟ್ಟಳು.

ಅಕ್ಕ ಓದುವಾಗ ತುಟಿ ಅಲುಗುತ್ತಿತ್ತು. ಒಂದನ್ನು ಓದಿದಳು. ಮತ್ತೆ ಮೇಲಿನಿಂದ ಓದಿದಳು. ಆಮೇಲೆ ಎರಡನೆಯದು. ಸಿಗ್ನಲಿನಲ್ಲಿ ಬಸ್ಸು ಗಕ್ಕನೆ ನಿಂತು, ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಯಾರದೋ ಚೀಲದಿಂದ ಕಿತ್ತಳೆ ಹಣ್ಣು ಉರುಳಿ ಅಕ್ಕನ ಕಾಲಿಗೆ ತಾಗಿತು. ಅಕ್ಕ ತಲೆ ಎತ್ತಲಿಲ್ಲ. ಡ್ರೈವರೇ ಕನ್ನಡಿಯಲ್ಲಿ ಒಂದು ಸಲ ನೋಡಿದ, ಬೈಗುಳಕ್ಕೆ ಕಾದವನಂತೆ. ಇಳಿಯುವ ತನಕ ಅಕ್ಕ ನಾಲ್ಕನ್ನೂ ಮತ್ತೆ ಮತ್ತೆ ಓದಿದಳು.

ಮನೆಯಲ್ಲಿ ಅಕ್ಕ ಅಡುಗೆಮನೆಯ ಮೇಜಿಗೆ ಕೂತು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು.

“ಕೂತ್ಕೋ” ಎಂದಳು. ಗುಬ್ಬಿ ಕೂತಳು. “‘ಮಾನ್ಯರೇ.’ ನಾನು ನಿಂಗೆ ಯಾವತ್ತಿಂದ ಮಾನ್ಯಳಾದೆ?”

“ಅಕ್ಕ, ಅದು ಬೇರೆ ಗಿರಾಕಿದು, ತಪ್ಪಿ…”

“ಅವರಕ್ಕನೂ ಬಸ್ಸು ಓಡಿಸ್ತಿದ್ಲಾ?”

ಅಕ್ಕ ಓದಿದಳು, ಪಾಠ ಒಪ್ಪಿಸುವ ಹಾಗೆ, ಏರಿಳಿತವಿಲ್ಲದೆ. “‘ದಣಿದವರನ್ನು ತನ್ನ ಬಸ್ಸಿನಲ್ಲಿ ಮನೆ ಮುಟ್ಟಿಸಿದವಳು. ಸಹನೆಯ ಮೂರ್ತಿ. ಕೊನೆಯ ದಿನಗಳಲ್ಲೂ ನಗುತ್ತಿದ್ದವಳು.’” ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಸಹನೆಯ ಮೂರ್ತಿ ಯಾರೋ ನಂಗೊತ್ತಿಲ್ಲ, ಹೋಗ್ಲಿ. ಕೊನೆಯ ದಿನಗಳು ಅಂತಿದೆಯಲ್ಲ. ಶುರುವಾಗಿದಾವಾ?”

ಗುಬ್ಬಿ ಹೂಂ ಎಂದಳು. ಇಷ್ಟು ದಿನ ಅಂದ ಹೂಂಗಳಲ್ಲಿ ಇದೊಂದೇ ನಿಜ.

“ಯಾರ್ಯಾರಿಗೆ ಗೊತ್ತು?” ಎಂದಳು ಅಕ್ಕ.

“ನಂಗೆ. ನಿನ್ನ ಮಗಳಿಗೆ.”

“ಇದನ್ನ ಕಳಿಸಿದ್ದು ಯಾರು? ನೀನು ನನ್ನ ಜೊತೆ ಇದ್ಯಲ್ಲ.”

“ಪಾಲಿಶ್ ಹಾಕೋನು. ಗೊತ್ತಿಲ್ದೆ ಕಳಿಸ್ದ.”

“ಅವನು ಓದಿರ್ತಾನೆ.”

“ಓದಿರಬಹುದು.”

“ಅಂದ್ರೆ ಪಾಲಿಶ್ ಹಾಕೋನಿಗೂ ಗೊತ್ತು, ನಾನು ಸಾಯ್ತೀನಿ ಅಂತ. ನಂಗೊಬ್ಬಳಿಗೆ ಗೊತ್ತಿಲ್ಲ.” ಅಕ್ಕನ ಗಂಟಲು ಏರಿತು; ರಿಕ್ಷಾದವರನ್ನು ನಡುಗಿಸಿದ ಅದೇ ಗಂಟಲು, ಈಗ ನಡುವೆ ಬಿರುಕು ಬಿಟ್ಟಿತ್ತು. “ಅಷ್ಟು ವರ್ಷ ಓಡಿಸ್ದೆ ಕಣೇ. ಮುಂದೆ ರಸ್ತೆ ಕಿತ್ತುಹೋಗಿದ್ರೆ ಮೊದಲು ಕಾಣ್ತಿದ್ದಿದ್ದು ನಂಗೆ. ಹಿಂದೆ ಕೂತೋರು ನಿದ್ದೆ ಮಾಡ್ತಿದ್ರು. ನೀವಿಬ್ರೂ ಸೇರ್ಕೊಂಡು ನನ್ನನ್ನೇ ಹಿಂದಿನ ಸೀಟಿಗೆ ಕಳಿಸಿಬಿಟ್ರಿ. ಇನ್ನೆರಡು ಸೂಜಿ, ಇನ್ನೆರಡು ಸೂಜಿ ಅಂತ ನಾನು ಬಡ್ಕೋತಿದ್ರೆ ಹೂಂ ಅಂತಿದ್ಯಲ್ಲೇ! ಹೇಗೆ ಬಂತೇ ನಿನ್ನ ಬಾಯಿಗೆ?”

ಗುಬ್ಬಿಗೆ ಅಳು ಉಕ್ಕಿ ಬಂತು. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕತೊಡಗಿದಳು. ಸಮಾಧಾನಕ್ಕೆ ಅಕ್ಕನ ಕೈ ಬರಲಿಲ್ಲ. ಬಹಳ ಹೊತ್ತಾದ ಮೇಲೆ, “ಸಾಕು. ಅಳೋದಕ್ಕೆ ಆಮೇಲೆ ಪುರುಸೊತ್ತಿದೆ” ಎಂದಳು ಅಕ್ಕ. “ಡಾಕ್ಟ್ರು ಏನಂದ್ರು ಹೇಳು. ಮೊದಲಿಂದ ಹೇಳು. ನಿಂಗೆ ಕೇಳಿದ್ದು ಮರೆಯಲ್ಲ ಅಂತ ನಂಗೊತ್ತು.”

ಮರೆತಿರಲಿಲ್ಲ. ಡಾಕ್ಟರು ಕನ್ನಡಕ ಒರೆಸಿಕೊಂಡಿದ್ದು, ಬಾಗಿಲು ಮುಚ್ಚಿದ್ದು, ಮೊದಲ ಮಾತು, ಎರಡನೆಯ ಮಾತು, ಎಲ್ಲವೂ ಕಿವಿಯಲ್ಲಿ ಹಾಗೇ ಇದ್ದವು. ಗುಬ್ಬಿ ಮುಖ ಒರೆಸಿಕೊಂಡು ಹೇಳತೊಡಗಿದಳು. ಕಾಯಿಲೆ ಎಲ್ಲೆಲ್ಲಿ ಹರಡಿದೆ ಎಂಬಲ್ಲಿ ನಿಲ್ಲಿಸಿದಳು.

“ಮುಂದೆ” ಎಂದಳು ಅಕ್ಕ.

ಗುಬ್ಬಿ ಹೇಳಿದಳು. ಮುಂದಿನ ಮಳೆಗಾಲ ನೋಡುವುದು ಅನುಮಾನ ಎಂದಿದ್ದರು. ಅದನ್ನೂ ಹೇಳಿದಳು. ಅಕ್ಕ ಕಿಟಕಿಯ ಕಡೆ ಒಂದು ಸಲ ನೋಡಿ, “ಮುಂದೆ” ಎಂದಳು. ಸೂಜಿಯಿಂದ ಸಿಗುವುದು ಕೆಲವು ವಾರಗಳಿರಬಹುದು, ಹೆಚ್ಚೇನೂ ಇಲ್ಲ ಎಂಬಲ್ಲಿಗೆ ಮುಗಿಯಿತು. ಬಿಟ್ಟದ್ದೇನೂ ಇರಲಿಲ್ಲ. ಒಂದು ತಿಂಗಳಿನಿಂದ ಗುಬ್ಬಿಯ ಎದೆಯಲ್ಲಿ ಕೂತಿದ್ದು ಈಗ ಮೇಜಿನ ಮೇಲೆ ಇಬ್ಬರ ನಡುವೆ ಇತ್ತು.

“ಸೂಜಿ ನಿಲ್ಸಿದ್ರೆ ಈ ವಾಂತಿ, ತಲೆಸುತ್ತು ನಿಲ್ಲತ್ತಾ?”

“ನಿಲ್ಲತ್ತಂತೆ. ನೋವಿಗೆ ಬೇರೆ ಔಷಧಿ ಕೊಡ್ತಾರಂತೆ.”

ಅಕ್ಕ ಉಗುರಿನಿಂದ ಮೇಜಿನ ಅಂಚು ಕೆರೆಯುತ್ತಿದ್ದಳು. ಹೆದರಿಕೆ ಅವಳ ಮುಖದಲ್ಲಿ ಬಂದು ಹೋದದ್ದನ್ನು ಗುಬ್ಬಿ ಕಂಡಳು. ಜನ್ಮದಲ್ಲಿ ಮೊದಲ ಸಲ ಕಂಡಳು. ಇನ್ನೊಂದು ಸಲ ಬಂತು. ಈ ಸಲ ಬೇಗ ಹೋಗಲಿಲ್ಲ. ಗುಬ್ಬಿ ಕೈ ಚಾಚಿ ಅಕ್ಕನ ಬೆರಳುಗಳ ಮೇಲೆ ಇಟ್ಟಳು. ಅಕ್ಕ ಇರಗೊಟ್ಟಳು.

“ಹಾಗಾದ್ರೆ ಸಾಕು ಸೂಜಿ” ಎಂದಳು ಕೊನೆಗೆ. “ಇರೋಷ್ಟು ದಿನ ನೆಟ್ಟಗೆ ಕೂತು ಊಟನಾದ್ರೂ ಮಾಡ್ತೀನಿ.” ಆಮೇಲೆ ಫೋನಿನ ಕಡೆ ಗಲ್ಲ ಆಡಿಸಿದಳು. “ಆ ಮೂರನ್ನ ಅಳಿಸು. ಅದರಲ್ಲಿ ನಾನಿಲ್ಲ. ಕೊನೇದು ಇರ್ಲಿ.”

ಕೊನೆಯದರಲ್ಲಿ ಕಲ್ಲಿನ ಬರಹವೇ ಇರಲಿಲ್ಲ. ‘ಅಕ್ಕಾ, ನೀನು ಹೋದ್ರೆ ನನ್ನನ್ನ ಗುಬ್ಬಿ ಅಂತ ಕರೆಯೋರು ಯಾರು’ ಎಂದು ಒಂದೇ ಸಾಲು ಬರೆದು ಬಿಟ್ಟಿದ್ದಳು.

“ಅದು ಕಲ್ಲಿಗೆ ಆಗಲ್ಲ ಅಕ್ಕ.”

“ಕಲ್ಲಿಗೆ ಯಾರು ಕೇಳಿದ್ರು? ನಂಗೆ ಬರೆದಿದೀಯ. ನನ್ನ ಹತ್ರ ಇರ್ಲಿ.”

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಮಗಳ ಹೆಜ್ಜೆ ಕೇಳಿಸಿತು. ಬಾಗಿಲಿನಾಚೆ ಅವಳು ಒಂದು ಗಳಿಗೆ ನಿಲ್ಲುತ್ತಾಳೆ, ಮುಖದ ಮೇಲೆ ನಗು ತಂದುಕೊಳ್ಳಲು, ಎನ್ನುವುದು ಗುಬ್ಬಿಗೆ ಗೊತ್ತಿತ್ತು. ತಾನೂ ಅಲ್ಲೇ ನಿಂತು ನಗು ತಂದುಕೊಳ್ಳುತ್ತಿದ್ದವಳು. ಮೊದಲೇ ಹೋಗಿ ಪಿಸುಮಾತಿನಲ್ಲಿ ಎಚ್ಚರಿಸಬೇಕೆಂದು ಎದ್ದಳು.

“ನೀನು ಕೂತ್ಕೋ” ಎಂದಳು ಅಕ್ಕ. “ಅವಳಿಗೆ ನಾನೇ ಹೇಳ್ತೀನಿ. ಪಾಪ, ಒಬ್ಬಳೇ ಎಷ್ಟು ದಿನ ಹೊತ್ತಿದಾಳೋ.”

ಮೇಜು ಹಿಡಿದು ಎದ್ದಳು, ಗೋಡೆ ಹಿಡಿದು ನಡೆದಳು. ಬಾಗಿಲು ತೆರೆದಾಗ ಮಗಳು ಒಳಗೆ ಬರುತ್ತಲೇ ಶುರುಮಾಡಿದಳು. “ಅಮ್ಮಾ! ಇವತ್ತು ಮುಖದಲ್ಲಿ ಎಷ್ಟು ಕಳೆ ಇದೆ ನೋಡು!”

ಅಕ್ಕ ಅವಳ ಹೆಗಲಿನಿಂದ ಚೀಲ ಇಳಿಸಿ ಕೆಳಗಿಟ್ಟಳು. ಎರಡೂ ಕೈಯಲ್ಲಿ ಅವಳ ಮುಖ ಹಿಡಿದಳು.

“ನಗಬೇಡ ಕಣೇ ಮಗಳೇ” ಎಂದಳು. “ನಂಗೆ ಗೊತ್ತಾಗಿದೆ.”